ಅರ ಜಾರುವಷ್ಟು ಗಡಸು, ಆದರೂ ಬಾಯಿ ಮುಕ್ಕು: ಕಮ್ಮಾರನಿಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಚಾಕು, ಮಚ್ಚು ಮುರಿದ ಕತೆಗಳೇ. ಹಾಗಾಗಿ ಕುಡಗೋಲು, ಕುರ್ಪಿ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಹೊಸದಾಗಿ ಓದುವವರಿಗೆ ಒಂದು ಮಾತು: ನಾನು ಗಂಗಾವತಿಯ ಕಮ್ಮಾರ. ಪುಸ್ತಕ ಓದಿದ್ದೇನೆ, ಆದರೆ ಮೊದಲು ಕಲಿತದ್ದು ಅಪ್ಪನ ಕುಲುಮೆಯಲ್ಲಿ, ತಿದಿ ಎಳೆಯುತ್ತಾ.

ಪ್ರಶ್ನೆ: ನಾನು ಐಟಿಐ ಓದುತ್ತಿದ್ದೇನೆ. ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಹವ್ಯಾಸಕ್ಕೆ ಚಾಕು ಮಾಡುತ್ತೇನೆ. ಕಾಯಿಸಿ ಎಣ್ಣೆಗೆ ಅದ್ದಿದ ಮೇಲೆ ಅರ ಹಾಕಿದರೆ ಜಾರುತ್ತದೆ, ಅಷ್ಟು ಗಟ್ಟಿ. ಆದರೂ ಜಾಲಿ ಕಟ್ಟಿಗೆ ಕಡಿಯುವಾಗ ಬಾಯಿಯಿಂದ ಅಕ್ಕಿಕಾಳಿನಷ್ಟು ಚೂರು ಹಾರಿತು. ವಿಡಿಯೋಗಳಲ್ಲಿ ಮೊಳೆಯನ್ನೇ ಕಡಿದು ತೋರಿಸುತ್ತಾರೆ. ನನ್ನ ಚಾಕಿಗೆ ಏನಾಗಿದೆ? ಮನೆಯಲ್ಲೇ ಪರೀಕ್ಷೆ ಮಾಡೋದು ಹೇಗೆ?
— ಸಿರುಗುಪ್ಪದ ಓದುಗ

ತಮ್ಮಾ, ಉತ್ತರ ನಿನ್ನ ಪತ್ರದಲ್ಲೇ ಇದೆ. ಅರ ಜಾರುತ್ತದೆ ಅಂದರೆ ಚಾಕು ಗಡಸಾಗಿದೆ ಅಂತ ಅರ್ಥ, ಅಷ್ಟೇ. ಗಡಸು ಬೇರೆ, ತಾಳಿಕೆ, ಅಂದರೆ ಏಟಿಗೆ ಮುರಿಯದೆ ನಿಲ್ಲುವ ಗುಣ, ಬೇರೆ. ಖಡಕ್ ರೊಟ್ಟಿ ಬಿಸಿ ರೊಟ್ಟಿಗಿಂತ ಗಟ್ಟಿ, ಅಲ್ವಾ? ಮಡಚಿ ನೋಡು, ಯಾವುದು ಮುರಿಯುತ್ತದೆ ಅಂತ ಗೊತ್ತಾಗುತ್ತದೆ. ಉಕ್ಕಿನಲ್ಲೂ ಸಾಮಾನ್ಯವಾಗಿ ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಒಳ್ಳೆ ಅರದ ಗಡಸು ರಾಕ್‌ವೆಲ್ ಅಳತೆಯಲ್ಲಿ 62ರಿಂದ 65ರ ಸುಮಾರು. ಅಡುಗೆಮನೆ ಚಾಕಿಗೆ 56ರಿಂದ 60 ಸಾಕು. ಕಟ್ಟಿಗೆ ಕಡಿಯುವ ಕೊಡಲಿ, ಮಚ್ಚು 50ರಿಂದ 55ರಲ್ಲೇ ಚೆನ್ನಾಗಿ ಬಾಳುತ್ತವೆ. ನೀನು ಅರದಂಥ ಬಾಯಿ ಇಟ್ಟುಕೊಂಡು ಜಾಲಿ ಕಡಿಯಲು ಹೋಗಿದ್ದೀಯ.

ಅರದ ಪರೀಕ್ಷೆಯನ್ನು ಎರಡು ಸಲ ಮಾಡಬೇಕು. ಎಣ್ಣೆಯಿಂದ ತೆಗೆದ ಕೂಡಲೇ ಒಂದು ಸಲ. ಆಗ ಅರ ಜಾರಲೇಬೇಕು, ಕಚ್ಚಿದರೆ ಹದ ಹಿಡಿದಿಲ್ಲ. ಆಮೇಲೆ ಮತ್ತೆ ಸಣ್ಣಗೆ ಕಾಯಿಸಿ ಗಡಸು ಇಳಿಸುತ್ತೇವಲ್ಲ, ಅದಾದ ಮೇಲೆ ಇನ್ನೊಂದು ಸಲ. ಈಗ ಅರ ತುಸು ಕಚ್ಚಬೇಕು. ಈ ಎರಡನೇ ಕಾಯಿಸುವಿಕೆ ಬಗ್ಗೆ ನಿನ್ನ ಪತ್ರದಲ್ಲಿ ಒಂದು ಮಾತೂ ಇಲ್ಲ. ನನಗೆ ಅನುಮಾನ ಬಂದದ್ದೇ ಅಲ್ಲಿ. ಮನೆಯ ಓಟಿಜಿ ಓವನ್ ಇದ್ದರೆ 200 ಡಿಗ್ರಿಗೆ ಇಟ್ಟು ಒಂದೆರಡು ತಾಸು, ಆರಿಸಿ ಮತ್ತೊಮ್ಮೆ ಅಷ್ಟೇ ಹೊತ್ತು. ಕಡಿಯುವ ಮಚ್ಚಾದರೆ 250ರ ಸುಮಾರಿಗೆ ಹೋಗು. ಓವನ್ ಇಲ್ಲದಿದ್ದರೆ ಉಕ್ಕನ್ನು ಉಜ್ಜಿ ಬೆಳ್ಳಗೆ ಮಾಡಿ ಬಣ್ಣ ನೋಡು: 220ಕ್ಕೆ ತಿಳಿ ಹಳದಿ, 255ಕ್ಕೆ ಕಂದು, 280ಕ್ಕೆ ನೇರಳೆ, 300ಕ್ಕೆ ನೀಲಿ. ಇವೆಲ್ಲ ಸುಮಾರು ಲೆಕ್ಕ. ಹೊತ್ತು ಜಾಸ್ತಿಯಾದರೆ ಕಡಿಮೆ ಶಾಖಕ್ಕೂ ಬಣ್ಣ ಮುಂದಕ್ಕೆ ಹೋಗುತ್ತದೆ. ಜಾಸ್ತಿ ಕಾಯಿಸಿದಷ್ಟೂ ಒಳ್ಳೆಯದು ಅಂತ ಮಾತ್ರ ತಿಳಿಯಬೇಡ. 260ರಿಂದ 370 ಡಿಗ್ರಿ ನಡುವೆ ಎಷ್ಟೋ ಉಕ್ಕುಗಳು ಗಡಸನ್ನೂ ಕಳೆದುಕೊಂಡು ತಾಳಿಕೆಯಲ್ಲೂ ಕುಗ್ಗುತ್ತವೆ. ಆ ಕಡೆಯೂ ಇಲ್ಲ, ಈ ಕಡೆಯೂ ಇಲ್ಲ.

ಇನ್ನು ಪರೀಕ್ಷೆ. ನಾನು ಮೊದಲು ಮಾಡುವುದು ಹಿತ್ತಾಳೆ ಕಡ್ಡಿಯ ಪರೀಕ್ಷೆ. ಲೇತ್ ಅಂಗಡಿಯಲ್ಲಿ ಆರು ಎಂಎಂ ದಪ್ಪದ ದುಂಡನೆ ಹಿತ್ತಾಳೆ ತುಂಡು ಸಿಗುತ್ತದೆ. ಅದನ್ನು ವೈಸ್‌ನಲ್ಲಿ ಅಡ್ಡ ಹಿಡಿಸು. ಚಾಕಿನ ಬಾಯಿಯನ್ನು ಕಡ್ಡಿ ಮೇಲೆ ಮಲಗಿಸು, ಪೂರ್ತಿ ಚಪ್ಪಟೆ ಅಲ್ಲ, ಬೆನ್ನನ್ನು ಹದಿನೈದು ಇಪ್ಪತ್ತು ಡಿಗ್ರಿ ಎತ್ತಿ. ಬೆಳಕು ಎದುರಿಗೆ ಇರಲಿ. ಈಗ ನಿಧಾನಕ್ಕೆ ಒತ್ತುತ್ತಾ ಹಿಂದಿನಿಂದ ತುದಿಯವರೆಗೆ ಎಳೆ. ಕಡ್ಡಿ ತಗಲಿದ ಜಾಗದಲ್ಲಿ ಬಾಯಿ ಸಣ್ಣಗೆ ಉಬ್ಬಿ ಬಾಗುವುದು ಕಣ್ಣಿಗೆ ಕಾಣುತ್ತದೆ. ಕಡ್ಡಿ ದಾಟಿದ ಕೂಡಲೇ ಅದು ಮೊದಲಿನಂತೆ ನೇರ ಆದರೆ ಹದ ಸರಿ ಇದೆ. ಬಾಗಿದಂತೆಯೇ ಉಳಿದರೆ ಮೆತ್ತಗಾಗಿದೆ. ಚೂರು ಎದ್ದರೆ ಇನ್ನೂ ಗಡಸು ಇಳಿಯಬೇಕು, ಮತ್ತೆ ಓವನ್ನಿಗೆ ಇಡು, ಹದಿನೈದು ಡಿಗ್ರಿ ಜಾಸ್ತಿ ಮಾಡಿ. ಚಾಕು ಹಾಳಾಗದೆ ಇಷ್ಟು ವಿಷಯ ಹೇಳುವ ಪರೀಕ್ಷೆ ನನಗೆ ಬೇರೆ ಗೊತ್ತಿಲ್ಲ.

ಎರಡನೆಯದು ಕಡಿಯುವುದು. ಕಟ್ಟಿಗೆಗೆ ನಮ್ಮ ಸೀಮೆಯಲ್ಲಿ ಏನು ಬರ? ಹಳ್ಳದ ದಂಡೆ ಪೂರ್ತಿ ಬಳ್ಳಾರಿ ಜಾಲಿ. ಚೆನ್ನಾಗಿ ಒಣಗಿದ, ಗಂಟಿರುವ ತುಂಡು ತಗೋ. ಪ್ರತಿ ಚಾಕಿಗೂ ಅಷ್ಟೇ ಏಟು, ಅದೇ ತುಂಡು, ಅದೇ ಕೈ. ಆಮೇಲೆ ಬಾಯಿಯನ್ನು ಮೇಲೆ ಮಾಡಿ ಟ್ಯೂಬ್‌ಲೈಟಿನ ಕೆಳಗೆ ಹಿಡಿ. ಹರಿತ ಇರುವ ಬಾಯಿ ಬೆಳಕನ್ನು ತಿರುಗಿಸುವುದಿಲ್ಲ, ಕಾಣುವುದೇ ಇಲ್ಲ. ಎಲ್ಲಿ ಮಿಂಚುತ್ತದೋ ಅಲ್ಲಿ ಮೊಂಡಾಗಿದೆ ಇಲ್ಲವೇ ಮುಕ್ಕಾಗಿದೆ. ಎರಡರಲ್ಲಿ ಯಾವುದು ಅಂತ ತಿಳಿಯಬೇಕಾದರೆ ಒಂದು ಚಿಟಿಕೆ ಹತ್ತಿ ತಗೊಂಡು ಬಾಯಿಗುಂಟ ಹಗುರವಾಗಿ ಎಳೆ. ಮುಕ್ಕಿನಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಕಣ್ಣಿಗೆ ಕಾಣದ್ದನ್ನೂ ಹತ್ತಿ ಹಿಡಿಯುತ್ತದೆ.

ಮೂರನೆಯದನ್ನು ಯಾರೂ ಮಾಡಲು ಒಪ್ಪುವುದಿಲ್ಲ: ಮುರಿಯುವುದು. ಅದೇ ಪ್ಲೇಟಿನಿಂದ ಒಂದು ಬೆರಳಗಲದ ಪಟ್ಟಿ ಕತ್ತರಿಸಿಕೋ. ಚಾಕಿನ ಜೊತೆಯಲ್ಲೇ ಅದನ್ನೂ ಕಾಯಿಸು, ಅದೇ ಎಣ್ಣೆಗೆ ಅದ್ದು. ವೈಸ್‌ಗೆ ಬಿಗಿ. ಮೇಲೆ ಒದ್ದೆ ಗೋಣಿಚೀಲ ಸುತ್ತು, ಕಣ್ಣಿಗೆ ಕನ್ನಡಕ ಹಾಕಿಕೋ, ಆಮೇಲೆ ಸುತ್ತಿಗೆಯಿಂದ ಹೊಡೆ. ಚೀಲ ಇಲ್ಲದೆ ಹೊಡೆಯಬೇಡ. ಎರಡನೇ ಸಲ ಕಾಯಿಸದ ಉಕ್ಕು ಯಾವ ಕಡೆಗೆ ಹಾರುತ್ತದೆ ಅಂತ ಹೇಳಲು ಬರುವುದಿಲ್ಲ. ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನೋಡು. ಮಾಸಲು ಬೂದಿ ಬಣ್ಣ, ಕಣವೇ ಕಾಣದಷ್ಟು ನುಣುಪು ಇದ್ದರೆ ಶಾಖ ಸರಿಯಾಗಿತ್ತು. ಹರಳು ಹರಳಾಗಿ ಮಿನುಗಿದರೆ ಅತಿಯಾಗಿ ಕಾಯಿಸಿದ್ದೀಯ, ಕಣ ಬೆಳೆದಿದೆ, ಆಮೇಲೆ ಓವನ್ನಿನಲ್ಲಿ ಎಷ್ಟು ಹೊತ್ತು ಇಟ್ಟರೂ ಆ ದೋಷ ಹೋಗುವುದಿಲ್ಲ. ಹೋಲಿಸಲು ಒಂದು ಹಳೆ ಒಳ್ಳೆ ಅರವನ್ನೂ ಮುರಿದು ಪಕ್ಕದಲ್ಲಿ ಇಟ್ಟುಕೋ.

ಅತಿ ಆಗದಂತೆ ನೋಡಲು ಅಯಸ್ಕಾಂತ ಬೇಕು. ಸುಮಾರು 770 ಡಿಗ್ರಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಸ್ಪ್ರಿಂಗ್ ಉಕ್ಕಿಗೆ ಅಲ್ಲಿಂದ ಇನ್ನೂ ಸ್ವಲ್ಪ ಕೆಂಪು ಏರಬೇಕು, 830–850ರ ಹತ್ತಿರ. ಆದರೆ ಹಳದಿಗೆ ಹೋಗಬಾರದು. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಕೆಂಪು ಯಾವುದು, ಹಳದಿ ಯಾವುದು ಗೊತ್ತೇ ಆಗುವುದಿಲ್ಲ. ನಾವು ಈ ಕೆಲಸ ಸಂಜೆ ಮೇಲೆ ಇಟ್ಟುಕೊಳ್ಳುವುದು ಅದಕ್ಕೇ. ಕಣ ಬೆಳೆದುಬಿಟ್ಟಿದ್ದರೆ, ಅಯಸ್ಕಾಂತ ಬಿಟ್ಟ ಮೇಲೆ ತುಸು ಕಾಯಿಸಿ ಗಾಳಿಗೆ ಆರಿಸು. ಹೀಗೆ ಮೂರು ಸಲ, ಒಂದೊಂದು ಸಲಕ್ಕೂ ಶಾಖ ಸ್ವಲ್ಪ ಕಡಿಮೆ. ಕಣ ಮತ್ತೆ ಸಣ್ಣದಾಗುತ್ತದೆ. ಎಣ್ಣೆಗೆ ಅದ್ದುವುದು ಅದಾದ ಮೇಲೆ.

ಇನ್ನೊಂದು ಮಾತು. ಹಳೆ ಸ್ಪ್ರಿಂಗ್ ಪ್ಲೇಟನ್ನು ಲಾರಿಯಿಂದ ಯಾಕೆ ಬಿಚ್ಚಿರುತ್ತಾರೆ? ಎಷ್ಟೋ ಸಲ ಬಿರುಕು ಬಿಟ್ಟಿದ್ದಕ್ಕೇ. ಅದಿರಿನ ಲೋಡು ಹೊತ್ತು ತಿರುಗಿದ ಪ್ಲೇಟು ಆದರಂತೂ ಕೇಳಲೇ ಬೇಡ. ಪಟ್ಟಿಯನ್ನು ಉಜ್ಜಿ ಸೀಮೆಎಣ್ಣೆ ಸವರು, ಅರ್ಧ ತಾಸು ಬಿಡು, ಪೂರ್ತಿ ಒರೆಸು, ಮೇಲೆ ಸೀಮೆಸುಣ್ಣದ ಪುಡಿ ಉದುರಿಸು. ಬಿರುಕು ಇದ್ದರೆ ಒಳಗೆ ಇಳಿದ ಎಣ್ಣೆ ಮೇಲೆ ಬಂದು ಪುಡಿಯಲ್ಲಿ ಒದ್ದೆ ಗೆರೆ ಮೂಡುತ್ತದೆ. ಆ ತುಂಡನ್ನು ಗುಜರಿಗೆ ಹಾಕು.

ಮೊಳೆ ಕಡಿಯುವ ವಿಡಿಯೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊಳೆ ಮೆತ್ತನೆಯ ಕಬ್ಬಿಣ. ಬಾಯಿ ದಪ್ಪ ಇಟ್ಟರೆ ಯಾವ ಚಾಕೂ ಅದನ್ನು ಕಡಿಯುತ್ತದೆ. ಅದೇ ಚಾಕಿನಲ್ಲಿ ಒಂದು ಟೊಮೇಟೊ ಹೆಚ್ಚಿ ತೋರಿಸಲಿ.

ಪ್ರಶ್ನೆ: ಜಾತ್ರೆಯಲ್ಲಿ ಕೈಯಿಂದ ಮಾಡಿದ ಚಾಕು ತಗೊಂಡೆ. ಒಣ ಕೊಬ್ಬರಿ ಹೆಚ್ಚಿದರೆ ಬಾಯಿ ಒಂದು ಕಡೆ ಮಡಚಿಕೊಳ್ಳುತ್ತದೆ. ಮೋಸ ಹೋದೆನಾ?
— ಗೃಹಿಣಿ, ರಾಯಚೂರು

ಇಲ್ಲ ಅಕ್ಕಾ. ಮಡಚಿದ ಬಾಯಿಯನ್ನು ಎತ್ತಬಹುದು, ಮುರಿದ ಬಾಯಿಯನ್ನು ಎತ್ತಲಾಗದು. ಪಿಂಗಾಣಿ ಕಪ್ಪಿನ ತಳದಲ್ಲಿ ನುಣುಪಿಲ್ಲದ ಒಂದು ಉಂಗುರ ಇರುತ್ತದಲ್ಲ, ಅದರ ಮೇಲೆ ಎರಡೂ ಕಡೆ ನಾಲ್ಕಾರು ಸಲ ಹಗುರವಾಗಿ ಎಳೆಯಿರಿ, ನೇರ ಆಗುತ್ತದೆ. ವಾರಕ್ಕೊಮ್ಮೆ ಹೀಗಾದರೆ ಚಿಂತೆ ಬೇಡ. ಒಂದೇ ಅಡುಗೆಗೆ ಮತ್ತೆ ಮಡಚಿದರೆ ಉಕ್ಕು ಮೆತ್ತಗಿದೆ, ಇಲ್ಲವೇ ಸಾಣೆ ಹಿಡಿದವನು ಬಾಯಿ ತೀರಾ ತೆಳ್ಳಗೆ ಮಾಡಿದ್ದಾನೆ. ಎರಡನೆಯದಾದರೆ ಸಾಣೆಯವನಿಗೆ ‘ಬಾಯಿ ಸ್ವಲ್ಪ ದಪ್ಪ ಇಡಪ್ಪ’ ಅಂದರೆ ಸಾಕು.

ಮುಂದಿನ ಸಲ ಕೊಳ್ಳುವಾಗ ಹಿಡಿ ಹಾಕುವ ಮೊದಲಿನ ಅಲಗನ್ನು ಕೇಳಿ. ದಾರದಲ್ಲಿ ತೂಗಿಬಿಟ್ಟು ಉಗುರಿನಿಂದ ಬಡಿಯಿರಿ. ಸದ್ದು ಉದ್ದಕ್ಕೆ ಎಳೆದರೆ ಸರಿ. ‘ಟಪ್’ ಅಂತ ಸತ್ತರೆ ಒಳಗೆ ಬಿರುಕು ಇರಬಹುದು, ಬೇರೆ ನೋಡಿ. ನಮ್ಮಪ್ಪ ಹೊಸ ಕುಡಗೋಲನ್ನು ಅಡಿಗಲ್ಲಿನ ಮೇಲೆ ಸುಮ್ನೆ ಬೀಳಿಸಿ ಸದ್ದು ಕೇಳುತ್ತಿದ್ದರು. ಗಿರಾಕಿಗಳು ಕೈಜಾರಿ ಬಿತ್ತು ಅಂದುಕೊಳ್ಳುತ್ತಿದ್ದರು.

ಪ್ರಶ್ನೆ: ಅಮೆರಿಕದಲ್ಲಿ ಚಾಕು ಮಾಡುವವರಿಗೆ ಒಂದು ಪರೀಕ್ಷೆ ಇದೆಯಂತೆ. ಕೊನೆಗೆ ಚಾಕನ್ನು ವೈಸ್‌ಗೆ ಹಾಕಿ 90 ಡಿಗ್ರಿ ಬಗ್ಗಿಸಬೇಕಂತೆ. ನಾವೂ ಅದನ್ನೇ ಮಾಡಬಹುದಾ?
— ಓದುಗರು, ಬಳ್ಳಾರಿ

ಇದೆ. ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಅಂತ, 1976ರಲ್ಲಿ ಶುರುವಾದ ಸಂಘ. ಒಂದೇ ಚಾಕಿನಲ್ಲಿ ನಾಲ್ಕು ಕೆಲಸ ಆಗಬೇಕು. ತೂಗಿಬಿಟ್ಟ ಒಂದಿಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕಡಿಯಬೇಕು. ಕಟ್ಟಡಕ್ಕೆ ಬಳಸುವ ಮರದ ರೀಪನ್ನು ಎರಡು ಸಲ ಕಡಿದು ತುಂಡು ಮಾಡಬೇಕು. ಅದಾದ ಮೇಲೂ ಅದೇ ಬಾಯಿ ಕೈಮೇಲಿನ ಕೂದಲು ಬೋಳಿಸಬೇಕು. ಕೊನೆಗೆ ವೈಸ್‌ನಲ್ಲಿ 90 ಡಿಗ್ರಿ ಬಗ್ಗಿಸಿದರೂ ಎರಡು ತುಂಡಾಗಬಾರದು.

ಮೊದಲ ಮೂರು ನನಗೆ ತುಂಬಾ ಹಿಡಿಸಿದವು. ಕಡಿದ ಮೇಲೆ ಕೂದಲು ಬೋಳಿಸು ಅನ್ನುವುದಂತೂ ಜಾಣತನ. ದಪ್ಪ ಬಾಯಿ ಇಟ್ಟು ಪಾಸಾಗುವ ಹಾಗಿಲ್ಲ. ಆದರೆ ಬಗ್ಗಿಸುವ ಪರೀಕ್ಷೆಯಿಂದ ಬಾಯಿಯ ತಾಳಿಕೆ ತಿಳಿಯುತ್ತದೆ ಅಂತ ನಾನು ಒಪ್ಪುವುದಿಲ್ಲ. ಬೆನ್ನನ್ನು ಬೆಂಕಿಯಲ್ಲಿ ನೀಲಿಗಿಂತ ಮುಂದಕ್ಕೆ ಕಾಯಿಸಿ ಮೆತ್ತಗೆ ಮಾಡಿದರೆ ಅಲಗು ಮಡಚುತ್ತದೆ, ಮುರಿಯುವುದಿಲ್ಲ. ಅದು ಬೆನ್ನಿನ ಸುದ್ದಿ. ಹದ ಹಾಕುವವನ ಕೈಯಲ್ಲಿ ಹಿಡಿತ ಇದೆಯಾ ಅಂತ ನೋಡಲು ಸರಿ, ನಾಳೆ ಎಲುಬಿಗೆ ತಗಲಿದ ಬಾಯಿ ಏನಾಗುತ್ತದೆ ಅಂತ ಹೇಳುವುದಿಲ್ಲ.

ಬಾಗುವುದರ ಬಗ್ಗೆ ಒಂದು ತಪ್ಪು ತಿಳುವಳಿಕೆಯೂ ಇದೆ. ‘ಗಡಸು ಚಾಕು ಬಾಗಲ್ಲ, ಮೆತ್ತನೆಯದು ಬಾಗುತ್ತೆ’ ಅನ್ನುತ್ತಾರೆ. ಸ್ವಲ್ಪ ಒತ್ತಿದಾಗ ಎರಡೂ ಅಷ್ಟಷ್ಟೇ ಬಾಗುತ್ತವೆ. ಎಷ್ಟು ಬಾಗುತ್ತದೆ ಅನ್ನುವುದು ಹದದ ಕೈಯಲ್ಲಿಲ್ಲ, ದಪ್ಪದ ಕೈಯಲ್ಲಿದೆ. ದಪ್ಪ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟು. ಕೈ ಬಿಟ್ಟ ಮೇಲೆ ನೇರ ಆಗುತ್ತದಾ, ಬಾಗಿಯೇ ಉಳಿಯುತ್ತದಾ, ಮುರಿಯುತ್ತದಾ ಅನ್ನುವುದಷ್ಟೇ ಹದದ ಕೈಯಲ್ಲಿ ಇರುವುದು. ತೆಳ್ಳನೆ ಚಾಕನ್ನು ಬಗ್ಗಿಸಿ ತೋರಿಸಿ ಹೊಗಳಿಸಿಕೊಳ್ಳುವವರು ಈ ಮಾತು ಹೇಳುವುದಿಲ್ಲ.

ಮಾಡುವುದಾದರೆ ಒಂದು ಎಚ್ಚರಿಕೆ. ಅವರ ಪರೀಕ್ಷೆಯಲ್ಲಿ ಅಲಗು 10 ಇಂಚಿನವರೆಗೆ ಇರಬಹುದು. ನಮ್ಮಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧ ನಿಯಮಗಳ ಕೆಳಗೆ ಬರುತ್ತದೆ. ಮನೆ, ಹೊಲ, ವಿಜ್ಞಾನ, ಉದ್ಯಮದ ಕೆಲಸಕ್ಕೆ ಅಂತ ಮಾಡಿದ್ದಕ್ಕೆ ಮಾತ್ರ ವಿನಾಯಿತಿ. 8 ಇಂಚಿನದು ಮಾಡಿ, ಹಗ್ಗಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಪ್ರಶ್ನೆ: ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಚಾರ್ಪಿ ಯಂತ್ರ ಇದೆ. ಚಾಕಿನ ತಾಳಿಕೆಯನ್ನು ಅದರಲ್ಲಿ ಅಳೆಯಬಹುದಾ?
— ಮೆಕ್ಯಾನಿಕಲ್ ವಿದ್ಯಾರ್ಥಿನಿ, ಬಳ್ಳಾರಿ

ಚಾಕನ್ನು ಅಳೆಯಲು ಬರುವುದಿಲ್ಲಮ್ಮ, ಚಾಕಿನ ಉಕ್ಕನ್ನು ಅಳೆಯಬಹುದು. ಬೇರೆ ಓದುಗರಿಗಾಗಿ ಹೇಳುತ್ತೇನೆ: ಆ ಯಂತ್ರದಲ್ಲಿ ಭಾರವಾದ ಲೋಲಕವನ್ನು ಎತ್ತಿ ಬಿಡುತ್ತಾರೆ, ಅದು ತುಂಡನ್ನು ಮುರಿದು ಆಚೆ ಹೋಗುತ್ತದೆ. ಆಚೆ ಕಡೆ ಎಷ್ಟು ಕಡಿಮೆ ಏರಿತೋ ಅಷ್ಟು ಶಕ್ತಿಯನ್ನು ಉಕ್ಕು ತಿಂದಿದೆ ಅಂತ ಲೆಕ್ಕ, ಜೌಲ್‌ನಲ್ಲಿ. ಫ್ರಾನ್ಸಿನ ಜಾರ್ಜ್ ಚಾರ್ಪಿ 1901ರಲ್ಲಿ ಇದಕ್ಕೊಂದು ಕ್ರಮ ಮಾಡಿದ, ಅದಕ್ಕೇ ಆ ಹೆಸರು.

ಮಾಮೂಲಿ ತುಂಡು 10 ಎಂಎಂ ಅಗಲ, 10 ಎಂಎಂ ದಪ್ಪ, 55 ಎಂಎಂ ಉದ್ದ. ನಡುವೆ 2 ಎಂಎಂ ಆಳದ ವಿ ಗಾಡಿ, ಅಂದರೆ ವಿ ಆಕಾರದ ಕಚ್ಚು. ಚಾಕಿನ ಉಕ್ಕು ಇಷ್ಟು ದಪ್ಪ ಸಿಗುವುದು ಕಷ್ಟ. ಸಿಕ್ಕರೂ, ಇಷ್ಟು ಗಡಸು ಇರುವ ಉಕ್ಕಿಗೆ ಗಾಡಿ ಹಾಕಿದರೆ ಎಲ್ಲ ತುಂಡೂ ಒಂದೇ ಏಟಿಗೆ ಹೋಗಿ ಅಂಕಿ ತೀರಾ ಚಿಕ್ಕದು ಬರುತ್ತದೆ, ಒಳ್ಳೆಯದು ಕೆಟ್ಟದ್ದು ತಿಳಿಯುವುದೇ ಇಲ್ಲ. ಅದಕ್ಕೆ ಚಾಕಿನ ಉಕ್ಕನ್ನು 2.5 ಎಂಎಂ ದಪ್ಪದ ಪಟ್ಟಿ ಮಾಡಿ, ಗಾಡಿ ಇಲ್ಲದೆ ಮುರಿಯುವ ರೂಢಿ ಇದೆ. ಒಂದೇ ಅಳತೆಯ ತುಂಡುಗಳನ್ನಷ್ಟೇ ಹೋಲಿಸಬೇಕು. ಒಂದೊಂದು ಹದಕ್ಕೂ ಕನಿಷ್ಠ ಮೂರು ತುಂಡು ಇರಲಿ.

ನಿಮಗೆ ನಾನು ಕೊಡುವ ಕೆಲಸ ಇದು: ಒಂದೇ ಸ್ಪ್ರಿಂಗ್ ಪ್ಲೇಟಿನಿಂದ ಪಟ್ಟಿಗಳನ್ನು ಮಾಡಿ, ಕೆಲವನ್ನು 830 ಡಿಗ್ರಿಯಿಂದ, ಕೆಲವನ್ನು ಬೇಕೆಂದೇ 1000 ದಾಟಿಸಿ ಅದ್ದಿ, ಎಲ್ಲವನ್ನೂ ಮತ್ತೆ 200ಕ್ಕೆ ಕಾಯಿಸಿ ಗಡಸು ಇಳಿಸಿ. ಗಡಸು ಅಳೆದರೆ ಎರಡೂ ಹೆಚ್ಚುಕಡಿಮೆ ಒಂದೇ ಕಾಣುತ್ತವೆ. ಚಾರ್ಪಿಗೆ ಹಾಕಿದಾಗ ಬಣ್ಣ ಬಯಲಾಗುತ್ತದೆ. ಫಲಿತಾಂಶ ಬಂದರೆ ಬರೆಯಿರಿ, ಇದೇ ಅಂಕಣದಲ್ಲಿ ಹಾಕೋಣ.

ಪ್ರಶ್ನೆ: ಮಟನ್ ಅಂಗಡಿ ನಮ್ಮದು. ಎಲುಬು ಕಡಿಯುವ ಕತ್ತಿ ಪದೇ ಪದೇ ಮುಕ್ಕಾಗುತ್ತದೆ. ಮಾಡಿಕೊಟ್ಟವರು ಉಕ್ಕು ಚೆನ್ನಾಗಿದೆ ಅನ್ನುತ್ತಾರೆ.
— ಓದುಗರು, ಸಿಂಧನೂರು

ಅಣ್ಣಾ, ಉಕ್ಕು ಚೆನ್ನಾಗಿಯೇ ಇರಬಹುದು. ಮುಕ್ಕನ್ನು ಭೂತಗನ್ನಡಿಯಲ್ಲಿ ನೋಡಿ. ನೇರ ಹಿಂದಕ್ಕೆ ಮುರಿದಿದೆಯಾ, ಒಂದು ಪಕ್ಕಕ್ಕೆ ಅರ್ಧಚಂದ್ರದಂತೆ ಎದ್ದಿದೆಯಾ? ಪಕ್ಕಕ್ಕೆ ಎದ್ದಿದ್ದರೆ ತಪ್ಪು ಕೈಯದು. ಕತ್ತಿ ಎಲುಬಿನಲ್ಲಿ ಸಿಕ್ಕಾಗ ಹುಡುಗರು ಅದನ್ನು ಅಲ್ಲಾಡಿಸಿ ತಿರುಚಿ ತೆಗೆಯುತ್ತಾರೆ. ಯಾವ ಬಾಯಿಯೂ ಆ ತಿರುಚನ್ನು ತಾಳುವುದಿಲ್ಲ. ಸಿಕ್ಕರೆ ಎಲುಬು ಸಮೇತ ಎತ್ತಿ ಕೊರಡಿಗೆ ಕುಟ್ಟಬೇಕು.

ನೇರ ಮುರಿದಿದ್ದರೆ ಬಾಯಿ ತೆಳ್ಳಗಿದೆ. ಎಲುಬಿನ ಕತ್ತಿಗೆ ಒಂದೊಂದು ಕಡೆ 25ರಿಂದ 30 ಡಿಗ್ರಿ ಕೋನ ಇರಲಿ, ಸ್ವಲ್ಪ ಉಬ್ಬು ಇರಲಿ. ಮಾಂಸ ಕೊಯ್ಯಲು ಬೇರೆ ಚಾಕು ಇಟ್ಟುಕೊಳ್ಳಿ, ಅದಕ್ಕೆ 15–20 ಸಾಕು. ಎರಡೂ ಕೆಲಸ ಒಂದೇ ಕತ್ತಿಯಲ್ಲಿ ಮಾಡಬೇಕು ಅನ್ನುವವರಿಗೆ ನಾನು ಕತ್ತಿ ಮಾಡಿಕೊಡುವುದಿಲ್ಲ, ಆಮೇಲೆ ಜಗಳ ಯಾಕೆ? ಸಮ್ಮಟಿಗೆ ಹಿಡಿಯುವ ನಮ್ಮಾಕೆಯೂ ಇದಕ್ಕೆ ಒಪ್ಪುತ್ತಾಳೆ, ಉಳಿದ ಎಷ್ಟೋ ವಿಷಯಕ್ಕೆ ಒಪ್ಪದಿದ್ದರೂ.

ಸಾಣೆ ಹಿಡಿಸುವಾಗ ಎದುರಿಗೇ ನಿಂತಿರಿ. ಮಷೀನಿನ ಕಲ್ಲಿಗೆ ಒತ್ತಿ ಹಿಡಿದರೆ ಬಾಯಿ ನೀಲಿಯಾಗುತ್ತದೆ. ನೀಲಿಯಾಯಿತು ಅಂದರೆ ಅಲ್ಲಿಯ ಹದ ಹೋಯಿತು. ಎರಡು ಎಳೆತಕ್ಕೊಮ್ಮೆ ನೀರಿಗೆ ಅದ್ದಲು ಹೇಳಿ.

ಪ್ರಶ್ನೆ: ಹಿಂದಿನ ಕಾಲದ ಕತ್ತಿಗಳು ಮುರಿಯುತ್ತಲೇ ಇರಲಿಲ್ಲ ಅಂತಾರೆ. ಆ ಉಕ್ಕಿನ ಗುಟ್ಟು ಏನು?
— ನಿವೃತ್ತ ಶಿಕ್ಷಕರು, ಕೊಪ್ಪಳ

ಮೇಷ್ಟ್ರೆ, ಮುರಿಯುತ್ತಿದ್ದವು. ಮುರಿದದ್ದು ಮತ್ತೆ ಕುಲುಮೆಗೆ ಹೋಗಿ ಬೇರೆ ಏನೋ ಆಗಿದೆ. ಉಳಿದದ್ದನ್ನಷ್ಟೇ ನಾವು ಮ್ಯೂಸಿಯಮ್ಮಿನಲ್ಲಿ ನೋಡುತ್ತೇವೆ. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ಮಾಡುತ್ತಿದ್ದ ಉಕ್ಕು ಲೋಕಪ್ರಸಿದ್ಧ. ಅದರಲ್ಲಿ ಇಂಗಾಲ ಶೇಕಡಾ 1.5ರ ಹತ್ತಿರ, ಲಾರಿ ಸ್ಪ್ರಿಂಗಿನಲ್ಲಿ ಇರುವುದರ ಎರಡು ಪಟ್ಟಿಗಿಂತ ಜಾಸ್ತಿ. ಹರಿತಕ್ಕೆ, ಮೈಮೇಲಿನ ಅಲೆಅಲೆ ಗೆರೆಗೆ ಅದು ಹೆಸರುವಾಸಿ. ತಾಳಿಕೆಯಲ್ಲಿ ಇವತ್ತಿನ ಒಳ್ಳೆ ಸ್ಪ್ರಿಂಗ್ ಉಕ್ಕು ಅದಕ್ಕಿಂತ ಮುಂದಿದೆ ಅಂತ ಹೇಳಲು ನನಗೆ ಸಂಕೋಚ ಇಲ್ಲ. ಅದನ್ನು ಬಡಿಯುವುದೂ ಸುಲಭ ಅಲ್ಲ. ಶಾಖ ತುಸು ಜಾಸ್ತಿಯಾದರೆ ಸುತ್ತಿಗೆ ಕೆಳಗೆ ಪುಡಿಪುಡಿ.

ಮುರಿಯುವ ವಿಷಯಕ್ಕೆ ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಬಳ್ಳಾರಿ ಪಕ್ಕದ ಸಂಗನಕಲ್ಲಿಗೆ ಹೋಗಿ ಬನ್ನಿ. ಕಬ್ಬಿಣ ಬರುವ ಎಷ್ಟೋ ಮೊದಲು, ನವಶಿಲಾಯುಗದಲ್ಲಿ, ಅಲ್ಲಿ ಕರಿಕಲ್ಲಿನ ಕೊಡಲಿ ಮಾಡುತ್ತಿದ್ದರು. ಬೆಟ್ಟದಲ್ಲಿ ಬೇರೆ ಕಲ್ಲು ಬೇಕಾದಷ್ಟಿದ್ದರೂ ಡಾಲರೈಟ್ ಎಂಬ ಆ ಕಪ್ಪು ಕಲ್ಲನ್ನೇ ಆರಿಸಿದ್ದಾರೆ. ಬೆಣಚುಕಲ್ಲು ಅದಕ್ಕಿಂತ ಗಡಸು, ಆದರೆ ಏಟಿಗೆ ಚೂರಾಗುತ್ತದೆ. ಕೆತ್ತುವಾಗ ಎದ್ದ ಚಕ್ಕೆಗಳು, ಅರ್ಧಕ್ಕೆ ಬಿಟ್ಟ ಕೊಡಲಿಗಳು ಅಲ್ಲಿ ರಾಶಿರಾಶಿ ಸಿಕ್ಕಿವೆ.

ಪ್ರಶ್ನೆ: ಎರಡು ತುಂಡಾದ ಚಾಕನ್ನು ವೆಲ್ಡಿಂಗ್ ಮಾಡಿಸಬಹುದಾ?
— ಓದುಗರು, ಕುಷ್ಟಗಿ

ಬೇಡ. ವೆಲ್ಡಿಂಗ್ ಜಾಗ ಗಟ್ಟಿ ನಿಲ್ಲಬಹುದು, ಅದರ ಪಕ್ಕದ ಉಕ್ಕು ಕಾದು ತಟ್ಟನೆ ಆರಿ ಪೆಡಸಾಗುತ್ತದೆ. ಮುಂದಿನ ಸಲ ಅಲ್ಲೇ ಮುರಿಯುತ್ತದೆ, ಅದೂ ಕೈಯಲ್ಲಿ ಇರುವಾಗ. ಹಿಡಿ ಕಡೆಯ ತುಂಡು ನಾಲ್ಕು ಇಂಚು ಉಳಿದಿದ್ದರೆ ತುದಿ ಉಜ್ಜಿ ಚಿಕ್ಕ ಚಾಕು ಮಾಡಿಕೊಳ್ಳಿ. ಉಜ್ಜುವಾಗ ನೀರು ಹತ್ತಿರ ಇರಲಿ, ಹಳೆ ಹದವೇ ಸಾಕಾಗುತ್ತದೆ.